ಮೆಲಾನಿಯಾ, ಮಿನೆರ್ವಾ, ಮ್ಲಾದಿನ್: ರೊಮೇನಿಯಾದ ಪತ್ತೇದಾರಿ ಕಾದಂಬರಿಗಳಲ್ಲಿ ನನ್ನ ಆಯ್ಕೆ

ಕೆಲಸದ ನಿಮಿತ್ತ ಬುಖಾರೆಸ್ಟಿನಲ್ಲಿದ್ದ ಎರಡು ವರ್ಷಗಳಲ್ಲಿ ಓದುವಷ್ಟು ರೊಮೇನಿಯನ್ ಕಲಿತಿದ್ದೆ. ಅದು ಮರೆತುಹೋಗಬಾರದೆಂದು, ಊರಿಗೆ ಮರಳಿದ ಮೇಲೆ ಆ ನಾಡಿನ ಪತ್ತೇದಾರಿ ಕಾದಂಬರಿಗಳನ್ನು ಕೊಳ್ಳತೊಡಗಿದೆ. ಜಾರ್ಜ್ ಆರಿಯೊನ್ ಅವರದೊಂದನ್ನು ಇಂಗ್ಲಿಷ್ ಅನುವಾದದಲ್ಲಿಯೂ ರೋಡಿಕಾ ಒಜೋಗ್-ಬ್ರಶೊವ್ಯಾನು ಅವರ ಎರಡು ಮಾಲಿಕೆಗಳನ್ನು ಮೂಲದಲ್ಲಿಯೂ ಓದಿದ್ದೇನೆ. ಮತ್ತೆ ಹಣ ಹಾಕಬೇಕೆನಿಸಿದ್ದು ರೋಡಿಕಾ ಅವರ ಮೆಲಾನಿಯಾ ಲುಪು ಕಥೆಗಳಿಗೆ ಮಾತ್ರ.

ಮೆಲಾನಿಯಾ ವಯಸ್ಸಾದ, ನಯವಿನಯದ ಹೆಂಗಸು. ಮಿರ್ಚುಲಿಕಾ ಎಂಬ ಬೆಕ್ಕಿನೊಡನೆ ಬಾಳುವ ಚಾಣಾಕ್ಷ ವಂಚಕಿ. ಮಿಲಿಷಿಯಾದ, ಅಂದರೆ ಕಮ್ಯುನಿಸ್ಟ್ ಆಡಳಿತದ ಪೊಲೀಸ್ ಪಡೆಯ, ಅಧಿಕಾರಿಯೇ ಕಥಾನಾಯಕನಾಗುವ ರೂಢಿಯಿದ್ದ ಕಾಲದಲ್ಲಿ, 1975ರ ‘ಒಂದು ಮುಗುಳ್ನಗೆಗೆ ಸಯನೈಡ್’ ಕಾದಂಬರಿಯಲ್ಲಿ, ರೋಡಿಕಾ ಓದುಗರ ಪ್ರೀತಿಯನ್ನು ಅಪರಾಧಿಯ ಕಡೆಗೆ ತಿರುಗಿಸಿದರು. 1939ರಲ್ಲಿ ಹುಟ್ಟಿದ ಅವರನ್ನು, 1956ರ ಹಂಗೇರಿಯ ದಂಗೆಯ ಬಿಸಿ ಬುಖಾರೆಸ್ಟಿನ ವಿದ್ಯಾರ್ಥಿಗಳಿಗೂ ತಟ್ಟಿದಾಗ, ಕಾನೂನು ಕಾಲೇಜಿನಿಂದ ಹೊರಹಾಕಲಾಗಿತ್ತು. ಔಷಧ ಕಾರ್ಖಾನೆಯಲ್ಲಿ ದುಡಿದು, ಮುಂದೆ ಓದು ಮುಗಿಸಿ ವಕೀಲರಾದರು. ಮೊದಲ ಕಾದಂಬರಿ ಬಂದದ್ದು 1971ರಲ್ಲಿ. ಮೆಲಾನಿಯಾಳ ಮೇಲೆ ಅವರಿಗಿದ್ದ ಅಕ್ಕರೆಯ ಹಿಂದೆ ಈ ಬದುಕೂ ಇದೆಯೆಂದು ನನಗೆ ತೋರುತ್ತದೆ.

ಅವರದೇ ಮಿನೆರ್ವಾ ತುತೊವಾನ್, ಗಣಿತದ ಮೇಷ್ಟರಿಕೆ ಬಿಟ್ಟು ಮಿಲಿಷಿಯಾ ಸೇರಿದವಳು. ಅವಳ ಸಹಾಯಕ ದೊಬ್ರೆಸ್ಕು ಅವಳ ಹಳೆಯ ಶಿಷ್ಯ. ಇಬ್ಬರ ಮಾತುಕತೆ ಸೊಗಸಾಗಿದೆ, ಆದರೆ ಎರಡನೆಯ ಪುಸ್ತಕದ ಹೊತ್ತಿಗೆ ನನ್ನ ಕುತೂಹಲ ತಗ್ಗಿತ್ತು.

ನನ್ನನ್ನು ಬಳಲಿಸಿದ್ದು ಇ-ಪುಸ್ತಕ. ರೊಮೇನಿಯನ್ನಿನಲ್ಲಿ ‘ಶ’ಕಾರಕ್ಕೆ ಎಸ್ ಅಕ್ಷರದ ಕೆಳಗೆ ಬಿಡಿಯಾಗಿ ಅಲ್ಪವಿರಾಮ ಹಾಕುತ್ತಾರೆ. ಈ ರೂಪಕ್ಕೆ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಪ್ರತ್ಯೇಕ ಸಂಕೇತ ದೊರೆತದ್ದು 1999ರಲ್ಲಿ. ಅದಕ್ಕೂ ಮುಂಚೆ ತುರ್ಕಿ ಭಾಷೆಯ, ಕೆಳಗೆ ಕೊಂಡಿ ಅಂಟಿಕೊಂಡ ಎಸ್ ಅನ್ನೇ ಬಳಸುತ್ತಿದ್ದರು. ನಾನು ಕೊಂಡ ಪ್ರತಿಯಲ್ಲಿ ಹಳೆಯ ಸಂಕೇತವಿತ್ತು, ಇ-ಪುಸ್ತಕ ಓದುವ ಸಾಧನದ ನಿಘಂಟಿನಲ್ಲಿ ಹೊಸದು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ದೋಷ ಎಲ್ಲಿದೆಯೆಂದು ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಕೊಲೆಗಾರನಿಗೆ ಅವರು ‘ಉಚಿಗಾಶ್’ ಎನ್ನುತ್ತಾರೆ; ಪತ್ತೇದಾರಿ ಕಾದಂಬರಿಯಲ್ಲಿ ಆ ಪದವನ್ನು ಮುಟ್ಟಿದಾಗಲೆಲ್ಲ ‘ಅರ್ಥ ಸಿಗಲಿಲ್ಲ’ ಎಂಬ ಉತ್ತರ ಬರುತ್ತಿತ್ತು.

ಇದರ ಜೊತೆಗೆ, ನಮ್ಮ ವಿಭಕ್ತಿ ಪ್ರತ್ಯಯಗಳಂತೆ ಅಲ್ಲಿಯೂ ನಾಮಪದದ ಕೊನೆ ಬದಲಾಗುತ್ತದೆ: ‘ಪಿಸಿಕ’ ಎಂದರೆ ಬೆಕ್ಕು, ‘ಪಿಸಿಚಿ’ ಎಂದರೆ ಬೆಕ್ಕಿನ. ಕನ್ನಡಿಗರಿಗೆ ಇದು ಕಷ್ಟವಾಗದು, ಆದರೆ ನನ್ನ ನಿಘಂಟಿಗೆ ಇದೂ ಗೊತ್ತಿರಲಿಲ್ಲ. ಅಂಗಡಿಗೆ ಎರಡು ಬಾರಿ ಬರೆದರೂ ಪ್ರತಿಯನ್ನು ಸರಿಪಡಿಸಲಿಲ್ಲ.

ಆರಿಯೊನ್ ಅವರ 1983ರ ‘ಗ್ರಂಥಾಲಯದಲ್ಲಿ ದಾಳಿ’ಗೆ ಈ ತೊಡಕಿಲ್ಲ, 2011ರಲ್ಲೇ ಇಂಗ್ಲಿಷಿಗೆ ಬಂದಿದೆ. ಪತ್ರಕರ್ತ ಆಂದ್ರೆಯ್ ಮ್ಲಾದಿನ್ ತನ್ನ ಮನೆಯಲ್ಲೇ ಹೆಣವೊಂದನ್ನು ಕಾಣುವಲ್ಲಿಂದ ಕಥೆ ಓಡುತ್ತದೆ. ರೊಮೇನಿಯನ್ ಬಾರದವರು ಇದನ್ನೇ ಕೊಳ್ಳಲಿ. ನನಗೆ ಮಾತ್ರ ಅಂಚೆವೆಚ್ಚ ಸೇರಿ ದುಬಾರಿಯಾಯಿತು, ಭಾಷೆ ಉಳಿಸಿಕೊಳ್ಳುವ ಉದ್ದೇಶವೂ ಈಡೇರಲಿಲ್ಲ.

ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ, ಪೆನ್ಸಿಲ್ ಹಿಡಿದು ಓದುವವನು ನಾನು. ಬುಖಾರೆಸ್ಟಿನಿಂದ ಬರಲಿರುವ ಗೆಳೆಯರೊಬ್ಬರಿಗೆ ಮೆಲಾನಿಯಾಳ ‘320 ಕಪ್ಪು ಬೆಕ್ಕುಗಳು’ ಕಾದಂಬರಿಯ ಮುದ್ರಿತ ಪ್ರತಿಯನ್ನೇ ತರಲು ಹೇಳಿದ್ದೇನೆ.