ಹಳೆಯ ಆರು ಸಿಲಿಂಡರ್ ಎಂಜಿನ್‌ಗೆ ಟರ್ಬೊ: ವರ್ಷಗಟ್ಟಲೆ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಟರ್ಬೊ, ಅಂದರೆ ಎಂಜಿನ್ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಅದೊಂದನ್ನೇ ನೋಡಿದರೆ ಪೂರ್ತಿ ಐದು. ಕಳೆದ ಒಂದು ಸ್ಟಾರ್ ಕಿಟ್ ಜೊತೆ ಬಂದ, ಸಿಲಿಂಡರ್‌ಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ದು.

ಕಾರು ಬಿಎಂಡಬ್ಲ್ಯು ಇ36 325ಐ. ಎಂಜಿನ್ ಎಂ50, 2494 ಸಿಸಿ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಕಂಪನಿ ಲೆಕ್ಕದಲ್ಲಿ 192 ಎಚ್‌ಪಿ. ಇದರ ಬ್ಲಾಕ್ ಎರಕದ ಕಬ್ಬಿಣದ್ದು, ಟರ್ಬೊ ಹಾಕುವವರು ಇದನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ. ನನ್ನದು ವ್ಯಾನೋಸ್ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಇಲ್ಲದ ಮೊದಲ ಮಾದರಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 10:1. ವ್ಯಾನೋಸ್ ಇರುವ ಎಂಜಿನ್‌ನಲ್ಲಿ ಅದು 10.5:1, ಹಾಗಾಗಿ ನಾಕಿಂಗ್, ಅಂದರೆ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು, ಇನ್ನೂ ಬೇಗ ಶುರುವಾಗುತ್ತದೆ. ಟರ್ಬೊಗೆ ಅಂತಲೇ ಮಾಡಿದ ಎಂಜಿನ್ ಇದಲ್ಲ, ಇದನ್ನು ಮರೆಯಬಾರದು.

ಬೂಸ್ಟ್ (ಟರ್ಬೊ ಸೇರಿಸುವ ಒತ್ತಡ) 0.5 ಬಾರ್‌ಗೆ ನಿಲ್ಲಿಸಿದ್ದೇನೆ. ಎಲ್ಲರೂ ಕೇಳುವುದು ಒಂದೇ, ಇನ್ನೂ ಜಾಸ್ತಿ ಯಾಕೆ ಮಾಡಲಿಲ್ಲ ಅಂತ. ಹೊರಗಿನ ಗಾಳಿಯ ಒತ್ತಡವೇ ಸುಮಾರು 1 ಬಾರ್. ಅದರ ಮೇಲೆ ಅರ್ಧ ಬಾರ್ ಸೇರಿದರೆ ಎಂಜಿನ್‌ಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಗಾಳಿ ಸಿಗಬೇಕು, ಆದರೆ ಒತ್ತಿದ ಗಾಳಿ ಕಾಯುತ್ತದೆ, 30 ಡಿಗ್ರಿಯಲ್ಲಿ ಒಳಗೆ ಹೋದದ್ದು ಟರ್ಬೊ ದಾಟುವಾಗ 80 ಡಿಗ್ರಿ ಮುಟ್ಟುತ್ತದೆ, ಕಾದ ಗಾಳಿ ಹಿಗ್ಗುವುದರಿಂದ ಲಾಭದಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಅದನ್ನು ವಾಪಸ್ ತರುವುದು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ದಿನಾ ಓಡಿಸುವ ಕಾರಿಗೆ 0.5 ಧಾರಾಳವಾಗಿ ಸಾಕು, ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಮೂರನೇ ಗೇರ್‌ನಲ್ಲಿ 3000 ಆರ್‌ಪಿಎಂ ದಾಟಿದಾಗ ಬರುವ ಎಳೆತ ಮೊದಲಿನ ಕಾರಿನಲ್ಲಿ ಇರಲೇ ಇಲ್ಲ. ಏರಿನಲ್ಲಿ, ತುಂಬಿದ ಕಾರಿನಲ್ಲಿ, ಗೇರ್ ಇಳಿಸದೆ ಸುಮ್ನೆ ಕಾಲು ಒತ್ತಿದರೆ ಸಾಕು, ಹೋಗುತ್ತದೆ. ನನಗೆ ಬೇಕಾಗಿದ್ದು ಅದೇ.

ಆರು ಸಿಲಿಂಡರ್ ಸಾಲಿಗೆ ಟರ್ಬೊ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಇದೆ. ಉರಿಯುವ ಕ್ರಮ 1-5-3-6-2-4. ಮುಂದಿನ ಮೂರು ಸಿಲಿಂಡರ್‌ಗಳನ್ನು ಒಂದು ಗುಂಪು, ಹಿಂದಿನ ಮೂರನ್ನು ಇನ್ನೊಂದು ಗುಂಪು ಮಾಡಿ ನೋಡಿ, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ, ತಪ್ಪದೆ ಸರದಿ ಪ್ರಕಾರ ಬರುತ್ತದೆ. ಒಂದೇ ಗುಂಪಿನಲ್ಲಿ ಎರಡು ಹೊಡೆತಗಳ ನಡುವೆ ಕ್ರ್ಯಾಂಕ್ 240 ಡಿಗ್ರಿ ತಿರುಗಿರುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎರಡು ಗುಂಪಿನ ಹೊಗೆಯನ್ನು ಬೇರೆ ಬೇರೆ ದಾರಿಯಲ್ಲಿ ತೆಗೆದುಕೊಳ್ಳುವ ಟ್ವಿನ್ ಸ್ಕ್ರೋಲ್ ಟರ್ಬೊಗೆ ಇದಕ್ಕಿಂತ ಒಳ್ಳೆಯ ಜೋಡಣೆ ಸಿಗುವುದು ಕಷ್ಟ. ಇದೇ ಕಂಪನಿ 1980ರ ಸುಮಾರಿಗೆ 745ಐ ಕಾರಿನಲ್ಲಿ 3.2 ಲೀಟರ್ ಆರು ಸಿಲಿಂಡರ್‌ಗೆ ತಾನೇ ಟರ್ಬೊ ಕೂರಿಸಿ 252 ಎಚ್‌ಪಿ ತೆಗೆದಿತ್ತು, ಆದ್ದರಿಂದ ಇದು ಹುಚ್ಚು ಸಾಹಸ ಏನಲ್ಲ.

ಈಗ ಮ್ಯಾನಿಫೋಲ್ಡ್. ಕಿಟ್‌ನಲ್ಲಿ ಬಂದದ್ದು ತೆಳು ಸ್ಟೇನ್‌ಲೆಸ್ ಪೈಪ್‌ಗಳ ವೆಲ್ಡಿಂಗ್ ಕೆಲಸ, ನೋಡಲು ಅಂದವಾಗಿತ್ತು. ಕೆಲವು ತಿಂಗಳ ನಂತರ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ಎಂಜಿನ್ ಬಿಸಿಯಾದಂತೆ ಸದ್ದು ಮಾಯ. ವಾಲ್ವ್ ಒತ್ತುವ ಟ್ಯಾಪೆಟ್‌ನ ಸದ್ದು ಅಂದವರೇ ಜಾಸ್ತಿ, ಆದರೆ ಅದು ಬಿರುಕು. ತಣ್ಣಗಿದ್ದಾಗ ಬಿರುಕು ಬಾಯಿ ಬಿಟ್ಟಿರುತ್ತದೆ, ಲೋಹ ಕಾದು ಹಿಗ್ಗಿದರೆ ಮುಚ್ಚಿಕೊಳ್ಳುತ್ತದೆ. ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಿಡಿದಾಗ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಂಥ ಗೆರೆ, ಸುತ್ತ ಕಪ್ಪು ಮಸಿ. ಅಷ್ಟು ಭಾರದ ಟರ್ಬೊ ನೇತಾಡುವುದು ಅದೇ ಮ್ಯಾನಿಫೋಲ್ಡ್ ಮೇಲೆ, ಜೊತೆಗೆ ಆ ಕಾವು. ಈಗ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಹಾಕಿದ್ದೇನೆ, ಟರ್ಬೊ ಕೆಳಗೆ ಒಂದು ಬ್ರಾಕೆಟ್ ಕೂಡ. ಆ ಸದ್ದು ಮತ್ತೆ ಬಂದಿಲ್ಲ. ಸ್ಟೀರಿಂಗ್ ಬಲಗಡೆ ಇರುವ ಕಾರಾದರೆ ಇನ್ನೊಂದು ತಾಪತ್ರಯ: ಈ ಎಂಜಿನ್‌ನ ಎಕ್ಸಾಸ್ಟ್ ಕೂಡ ಬಲಗಡೆಯೇ, ಸ್ಟೀರಿಂಗ್ ಶಾಫ್ಟ್ ನೇರ ಟರ್ಬೊ ಜಾಗಕ್ಕೇ ಬರುತ್ತದೆ. ಎಡಗಡೆ ಸ್ಟೀರಿಂಗ್‌ಗೆ ಮಾಡಿದ ಮ್ಯಾನಿಫೋಲ್ಡ್ ಅಲ್ಲಿ ಕೂರುತ್ತದೆ ಅಂತ ನಂಬಿ ತರಿಸಬೇಡಿ, ಅಳತೆ ನೋಡಿಯೇ ಕೊಳ್ಳಿ.

ಆಯಿಲ್ ವಿಷಯದಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಟರ್ಬೊ ಹೋಯಿತು ಅನ್ನುವ ದೂರು ಎಷ್ಟೋ ಸಲ ನಿಜಕ್ಕೂ ಆಯಿಲ್ ಪೈಪ್‌ನ ದೂರು. ಒಳಗೆ ಬರುವ ಆಯಿಲ್‌ಗೆ ಪಂಪ್ ಒತ್ತಡ ಇರುತ್ತದೆ, ಹೊರಗೆ ಹೋಗುವಾಗ ಏನೂ ಇರುವುದಿಲ್ಲ. ನೊರೆ ನೊರೆಯಾಗಿ ತನ್ನ ತೂಕಕ್ಕೆ ತಾನೇ ಇಳಿದು ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್, ಸೇರಬೇಕು. ಆ ರಿಟರ್ನ್ ಪೈಪ್ ಅಗಲವಾಗಿರಬೇಕು, ಎಲ್ಲೂ ಮೇಲಕ್ಕೆ ಏರಬಾರದು, ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಸ್ವಲ್ಪ ಕಟ್ಟಿಕೊಂಡರೂ ಆಯಿಲ್ ಸೀಲ್ ದಾಟಿ ಟರ್ಬೈನ್ (ಹೊಗೆಯಿಂದ ತಿರುಗುವ ಚಕ್ರ) ಕಡೆ ನುಗ್ಗುತ್ತದೆ, ಹಿಂದೆ ನೀಲಿ ಹೊಗೆ. ಜನ ಹೊಸ ಟರ್ಬೊ ತಂದು ಹಾಕುತ್ತಾರೆ, ಹೊಗೆ ಹಾಗೇ ಇರುತ್ತದೆ. ಎಂಜಿನ್ ರಿಂಗ್ ಸವೆದು ಒಳಗೆ ಒತ್ತಡ ಕಟ್ಟಿದರೂ ಇದೇ ಗತಿ, ಹಾಗಾಗಿ ಹಳೇ ಎಂಜಿನ್‌ಗೆ ಮೊದಲು ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿಸಿ, ಆಮೇಲೆ ಕಿಟ್ ಬಗ್ಗೆ ಯೋಚಿಸಿ. ನಾನು ಪೂರ್ತಿ ಸಿಂಥೆಟಿಕ್ ಆಯಿಲ್ ಹಾಕಿ 5000 ಕಿ.ಮೀ.ಗೆ ಬದಲಿಸುತ್ತೇನೆ. ಜೋರಾಗಿ ಓಡಿಸಿ ಬಂದ ಮೇಲೆ ತಕ್ಷಣ ಕೀ ತಿರುಗಿಸದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡುತ್ತೇನೆ, ಇಲ್ಲದಿದ್ದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತದೆ.

ಪೆಟ್ರೋಲ್ ಕಡೆ ಹೇಳುವುದು ಕಡಿಮೆ. ದೊಡ್ಡ ಇಂಜೆಕ್ಟರ್, ಹೊಸ ಪಂಪ್, ಒಂದು ಹಂತ ತಣ್ಣನೆಯ (ಕಾವನ್ನು ಬೇಗ ಬಿಟ್ಟುಕೊಡುವ) ಸ್ಪಾರ್ಕ್ ಪ್ಲಗ್, ಅದರ ಗ್ಯಾಪ್ 0.7 ಮಿ.ಮೀ. ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಬೂಸ್ಟ್ ಮಾಡಲೇಬೇಡಿ. ಪೂರ್ತಿ ಒತ್ತಿದಾಗ ಮಿಶ್ರಣ (ತೂಕದಲ್ಲಿ, ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) 11.5ರಿಂದ 12ರ ನಡುವೆ ಇರಬೇಕು, ಅದು 13 ದಾಟುತ್ತಿದ್ದರೆ ಕಾಲು ತೆಗೆದುಬಿಡಿ. ಟ್ಯೂನಿಂಗ್‌ಗೆ ಕೊಟ್ಟ ದುಡ್ಡು ಇಡೀ ಕೆಲಸದಲ್ಲೇ ಅತಿ ಹೆಚ್ಚು ಬೆಲೆ ಬಾಳಿದ ದುಡ್ಡು.

ಕಳೆದುಕೊಂಡದ್ದೂ ಇದೆ. ಈ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಹಾಡುತ್ತಿದ್ದ ಆ ಸದ್ದು ಈಗ ಮಂಕಾಗಿದೆ, ನಡುವೆ ಟರ್ಬೈನ್ ಕೂತಿದೆಯಲ್ವಾ. ಕಾಲು ಒತ್ತಿದ ಕ್ಷಣವೇ ಸಿಗುತ್ತಿದ್ದ ಉತ್ತರವೂ ಸ್ವಲ್ಪ ತಡವಾಗಿದೆ, ಅದಕ್ಕೇ ಚಿಕ್ಕ ಟರ್ಬೊ ಆರಿಸಿದ್ದು. ಮೈಲೇಜ್ ಸಮಾಧಾನವಾಗಿ ಓಡಿಸಿದರೆ ಮೊದಲಿನಷ್ಟೇ, ಬೂಸ್ಟ್‌ನಲ್ಲೇ ಇದ್ದರೆ ಬೇಗ ಇಳಿಯುತ್ತದೆ. ಬಾನೆಟ್ ಒಳಗಿನ ಕಾವು ರಬ್ಬರ್ ಹೋಸ್, ವೈರ್, ಪ್ಲಾಸ್ಟಿಕ್ ಎಲ್ಲವನ್ನೂ ಬೇಗ ಗಟ್ಟಿ ಮಾಡಿ ಒಡೆಯುತ್ತದೆ. ರೇಡಿಯೇಟರ್, ಎಕ್ಸ್‌ಪಾನ್ಷನ್ ಟ್ಯಾಂಕ್, ಪ್ಲಾಸ್ಟಿಕ್ ಇಂಪೆಲ್ಲರ್ ಇದ್ದ ವಾಟರ್ ಪಂಪ್ ಮೂರನ್ನೂ ಟರ್ಬೊ ಬರುವ ಮುಂಚೆಯೇ ಬದಲಿಸಿದ್ದೆ, ಅದನ್ನು ಯಾರೂ ಬಿಡಬೇಡಿ.

ಸಿಲಿಂಡರ್ ಹೆಡ್ ಇನ್ನೂ ಬಿಚ್ಚಿಲ್ಲ, ಅದರ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಕಂಪನಿಯದ್ದೇ. ಬಿಚ್ಚುವ ದಿನ ಬಂದರೆ ಹೆಡ್ ಮತ್ತು ಬ್ಲಾಕ್ ಎರಡನ್ನೂ ನುಣ್ಣಗೆ ಮಾಡಿಸಿ, ಪದರದ ಸ್ಟೀಲ್ ಗ್ಯಾಸ್ಕೆಟ್ ಸ್ವಲ್ಪ ದಪ್ಪದ್ದು ಹಾಕಿ ಕಂಪ್ರೆಷನ್ ಇಳಿಸುತ್ತೇನೆ, ಬೋಲ್ಟ್ ಬದಲು ಸ್ಟಡ್. 0.5 ಬಾರ್ ದಾಟುವ ಮಾತು ಅದಾದ ಮೇಲೆಯೇ.