ನಾಯಕನ ತೋಳುಪಟ್ಟಿ ಹುಡುಗನಿಗೋ, ಹಿರಿಯನಿಗೋ?

ಕಲಬುರಗಿಯ ನಮ್ಮ ಹಾಕಿ ತಂಡದಲ್ಲಿ ಈಗ ಇದೇ ಮಾತು. ಚುರುಕಾದ ಹುಡುಗನೋ, ಮೂವತ್ತು ದಾಟಿದ ಹಿರಿಯನೋ?

ಹುಡುಗನ ಪರ ಐಸ್ ಹಾಕಿಯಲ್ಲಿ ದೊಡ್ಡ ಉದಾಹರಣೆಯಿದೆ. ಸಿಡ್ನಿ ಕ್ರಾಸ್ಬಿ 2007ರಲ್ಲಿ, 19ನೇ ವಯಸ್ಸಿಗೇ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ನಾಯಕನಾದ. 2009ರಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಚಾಂಪಿಯನ್ ಕಪ್, ಎತ್ತಿದ. ಆದರೆ ನಾಯಕನಾಗುವ ಮೊದಲು, ಸೀಸನ್ ನಡುವೆ ಕೇಳಿದಾಗ ಬೇಡ ಅಂದಿದ್ದ. ಇದನ್ನು ಜನ ಮರೆತುಬಿಡ್ತಾರೆ. ಕಾನರ್ ಮ್ಯಾಕ್‌ಡೇವಿಡ್ ಕೂಡ 2016ರಲ್ಲಿ 19ಕ್ಕೇ ಅದೇ ಲೀಗ್‌ನ ಎಡ್ಮಂಟನ್ ತಂಡದ ನಾಯಕನಾದ. ಮೊದಲ ಫೈನಲ್ ಸಿಕ್ಕಿದ್ದು 2024ರಲ್ಲಿ, ಅದೂ ಸೋಲು.

ಹಿರಿಯನ ಬಲ ಬೇರೆ. ನಮ್ಮ ಮೈದಾನದ ಹಾಕಿಯಲ್ಲಿ ನಾಯಕ ಅಂದರೆ ಸುಮ್ನೆ ತೋಳಿನ ಪಟ್ಟಿ ಅಲ್ಲ. ಆಟಗಾರರ ನಡತೆಗೂ, ಬದಲಿ ಆಟಗಾರರು ಸರಿಯಾಗಿ ಇಳಿಯುವುದಕ್ಕೂ ನಿಯಮದ ಪ್ರಕಾರ ಅವನೇ ಹೊಣೆ. ಹಿಂದೊಮ್ಮೆ ಮೇ ತಿಂಗಳ ಬಿಸಿಲಲ್ಲಿ, ಕಾಲು ಎಳೆಯುತ್ತಿದ್ದ ಹಿರಿಯನಿಗೆ ‘ಅಣ್ಣಾ, ಹೊರಗ ಬರ್ರಿ’ ಎನ್ನಲು ನಮ್ಮ ಹುಡುಗ ನಾಯಕ ಹೆದರಿದ. ಸ್ಟಿಕ್ಕಿನ ಟೇಪ್ ಕೀಳುತ್ತಾ ನಿಂತ. ಅಷ್ಟರಲ್ಲಿ ಗೋಲು ಬಿತ್ತು.

ಆದರೂ ನನ್ನ ಮತ ಹುಡುಗನಿಗೇ. ಅವನ ಮಾತು ಕೇಳುವ ಇಬ್ಬರು ಹಿರಿಯರು ತಂಡದಲ್ಲಿದ್ದರೆ ಮಾತ್ರ. ಇಲ್ಲವಾದರೆ ಈ ವರ್ಷ ಅವನಿಗೆ ಉಪನಾಯಕನ ಸ್ಥಾನ ಸಾಕು.