ವಾಲ್ತರ್ ಜಿಎಸ್‌ಪಿ .22 ಪಿಸ್ತೂಲಿನ ಮ್ಯಾಗಜಿನ್: ಹಲವು ವರ್ಷಗಳ ಬಳಕೆಯ ನಂತರ

25 ಮೀಟರ್ ಪಿಸ್ತೂಲ್ ಸ್ಪರ್ಧೆಗಳಿಗಾಗಿ ಬೆಂಗಳೂರಿನಲ್ಲಿ ಅಭ್ಯಾಸ ಮಾಡುವ ನಾನು ವಾಲ್ತರ್ ಜಿಎಸ್‌ಪಿಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 1968ರಲ್ಲಿ ಬಂದ ಈ ಜರ್ಮನ್ ಪಿಸ್ತೂಲಿನ ನಿಖರತೆ, ಟ್ರಿಗರ್ ಮತ್ತು ಹಿಡಿಯ ಬಗ್ಗೆ ಶೂಟರ್‌ಗಳು ಸಾಕಷ್ಟು ಚರ್ಚಿಸಿದ್ದಾರೆ. ಟ್ರಿಗರ್‌ನ ಮುಂದೆ ಕೂರುವ ಐದು ಗುಂಡುಗಳ ಮ್ಯಾಗಜಿನ್ ಅಷ್ಟು ಗಮನ ಪಡೆದಿಲ್ಲ. ಆದರೆ ಪಿಸ್ತೂಲು ಜಾಮ್ ಆದಾಗ ತಪಾಸಣೆ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ಈ ವಿಮರ್ಶೆಯನ್ನು ಮ್ಯಾಗಜಿನ್‌ಗಷ್ಟೇ ಸೀಮಿತಗೊಳಿಸಿದ್ದೇನೆ.

ತಗಡಿನ ಕವಚ, ಗುಂಡುಗಳನ್ನು ಮೇಲಕ್ಕೆ ಎತ್ತುವ ಫಾಲೋವರ್, ಅದನ್ನು ತಳ್ಳುವ ಸ್ಪ್ರಿಂಗ್, ಕೆಳಗೆ ಮುಚ್ಚುವ ತಳದ ತಟ್ಟೆ: ಮ್ಯಾಗಜಿನ್ ಎಂದರೆ ಇಷ್ಟೇ. ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಕವಚದ ಮೇಲ್ತುದಿಯಲ್ಲಿ ಒಳಕ್ಕೆ ಬಾಗಿರುವ ಎರಡು ಅಂಚುಗಳು, ಅಂದರೆ ಲಿಪ್ಸ್. ಗುಂಡು ಯಾವ ಕೋನದಲ್ಲಿ ನಿಲ್ಲಬೇಕು, ಹಿಂದೆ ಮುಂದೆ ಸರಿಯುವ ಬೋಲ್ಟ್ ಎಂಬ ಭಾಗ ಮುಂದಕ್ಕೆ ತಳ್ಳಿದಾಗ ಅದು ಯಾವ ಕ್ಷಣದಲ್ಲಿ ಬಿಡುಗಡೆಯಾಗಿ ನಳಿಕೆಯ ಹಿಂತುದಿಯಲ್ಲಿರುವ ಚೇಂಬರ್ ಸೇರಬೇಕು ಎಂಬುದನ್ನು ನಿರ್ಧರಿಸುವುದು ಇವೇ. ಒಮ್ಮೆ ಸಿಮೆಂಟ್ ನೆಲಕ್ಕೆ ಬಿದ್ದರೂ ಸಾಕು, ಕಣ್ಣಿಗೆ ಕಾಣದಷ್ಟು ಅಗಲವಾದ ಲಿಪ್ಸ್ ಗುಂಡನ್ನು ಬೇಗ ಬಿಟ್ಟುಕೊಟ್ಟು ಅದರ ಮೂಗು ಚೇಂಬರ್‌ನ ಅಂಚಿಗೆ ತಗಲುವಂತೆ ಮಾಡುತ್ತದೆ. ಬಿದ್ದ ಮ್ಯಾಗಜಿನ್‌ನ ಲಿಪ್ಸ್ ನಡುವಿನ ಅಂತರವನ್ನು ಚೆನ್ನಾಗಿ ನಡೆಯುತ್ತಿರುವ ಇನ್ನೊಂದರ ಜೊತೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಹೋಲಿಸುವುದು ಒಳ್ಳೆಯದು. ಇಕ್ಕಳ ಹಿಡಿದು ಮನೆಯಲ್ಲೇ ಬಗ್ಗಿಸಲು ಹೋಗಬಾರದು. ಅದು ಅನುಭವಿ ಬಂದೂಕು ರಿಪೇರಿಗಾರರ ಕೆಲಸ.

ಈ ಪಿಸ್ತೂಲು ಬಳಸುವ .22 ಎಲ್‌ಆರ್ (ಲಾಂಗ್ ರೈಫಲ್) ಗುಂಡಿನ ಬುಡದಲ್ಲಿ ಹೊರಚಾಚಿದ ರಿಮ್ ಇರುವುದರಿಂದ ತುಂಬುವಾಗಲೂ ಎಚ್ಚರ ಬೇಕು. ಮೇಲಿನ ಗುಂಡಿನ ರಿಮ್ ಕೆಳಗಿನದರ ಮುಂದೆಯೇ ಕೂರಬೇಕು. ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ ಎಷ್ಟೇ ತಳ್ಳಿದರೂ ಗುಂಡು ಸರಾಗವಾಗಿ ಸರಿಯುವುದಿಲ್ಲ. ಇದನ್ನು ಪಿಸ್ತೂಲಿನ ದೋಷವೆಂದು ತಿಳಿದು ರಿಪೇರಿಗೆ ಕಳುಹಿಸಿದವರನ್ನು ನೋಡಿದ್ದೇನೆ.

ಕೊಳೆಯ ವಿಷಯದಲ್ಲಿ .22 ಬಹಳ ಕಾಡುತ್ತದೆ. ಸೀಸದ ಗುಂಡಿಗೆ ಹಚ್ಚಿದ ಮೇಣ, ಸುಟ್ಟ ಮತ್ತು ಅರೆಸುಟ್ಟ ಮದ್ದಿನ ಪುಡಿ ಎಲ್ಲವೂ ಗುಂಡು ಸಿಡಿದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳುವ ಬ್ಲೋಬ್ಯಾಕ್ ವ್ಯವಸ್ಥೆಯ ಕಾರಣದಿಂದ ಹಿಂದಕ್ಕೆ ಹಾರಿ ಮ್ಯಾಗಜಿನ್‌ನೊಳಗೆ ಸೇರಿಕೊಳ್ಳುತ್ತವೆ. ಫಾಲೋವರನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ತಡೆತಡೆದು ಮೇಲೇರಿದರೆ ಬಿಚ್ಚುವ ಸಮಯ ಬಂದಿದೆ ಎಂದರ್ಥ. ಬಿಚ್ಚುವಾಗ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದೇ ತಳದ ತಟ್ಟೆಯನ್ನು ತೆಗೆಯಬೇಕು; ಸ್ಪ್ರಿಂಗಿನ ಯಾವ ತುದಿ ಮೇಲಿತ್ತು, ಯಾವ ಮುಖ ಮುಂದಿತ್ತು ಎಂಬುದನ್ನು ಫೋಟೋ ತೆಗೆದಿಟ್ಟುಕೊಂಡರೆ ಮರುಜೋಡಣೆ ತಪ್ಪುವುದಿಲ್ಲ. ಒಳಭಾಗವನ್ನು ಒಣ ಬ್ರಷ್ ಮತ್ತು ಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆಯನ್ನು ಧಾರಾಳವಾಗಿ ಬಿಡುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಅದು ಮಸಿಯನ್ನು ಹಿಡಿದು ಅಂಟು ಮಾಡುತ್ತದೆ, ಗುಂಡುಗಳ ಒಳಗೂ ಇಳಿಯಬಹುದು. ಮಳೆಗಾಲದಲ್ಲಿ ತುಕ್ಕಿನ ಭಯವಿದ್ದರೆ ಸ್ಪ್ರಿಂಗಿಗೆ ತೆಳುವಾಗಿ ಸವರಿ, ಒರೆಸಿ, ಸಿಲಿಕಾ ಜೆಲ್ ಜೊತೆ ಇಡಬಹುದು. ತೇವ ಹಿಡಿದುಕೊಳ್ಳುವ ಫೋಮ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿಡುವುದು ಸರಿಯಲ್ಲ.

ಸ್ಪ್ರಿಂಗ್ ಸವೆಯುವುದು ಮುಖ್ಯವಾಗಿ ಪದೇ ಪದೇ ಕುಗ್ಗಿ ಹಿಗ್ಗುವುದರಿಂದ. ಸವೆದ ಸ್ಪ್ರಿಂಗಿನ ಲಕ್ಷಣ ಹೆಚ್ಚಾಗಿ ಕೊನೆಯ ಗುಂಡುಗಳಲ್ಲಿ ಕಾಣುತ್ತದೆ: ಅವು ಸಮಯಕ್ಕೆ ಮೇಲೇರದೆ ಬೋಲ್ಟ್ ಅವುಗಳ ಮೇಲಿಂದ ಖಾಲಿ ಚೇಂಬರಿಗೆ ಸರಿದು ಮುಚ್ಚಿಕೊಳ್ಳುತ್ತದೆ. ಎಳೆದು ಉದ್ದ ಮಾಡುವ ಉಪಾಯ ಹೆಚ್ಚು ಕಾಲ ನಡೆಯದು, ಹೊಸದನ್ನೇ ಹಾಕಬೇಕು.

ಪ್ರತಿ ಮ್ಯಾಗಜಿನ್‌ಗೂ ಬಣ್ಣದಿಂದ ಸಂಖ್ಯೆ ಬರೆದಿಡುವುದು ನನಗೆ ಅತ್ಯಂತ ಉಪಯುಕ್ತವಾದ ಪದ್ಧತಿ. ಜಾಮ್ ಒಂದೇ ಸಂಖ್ಯೆಯೊಂದಿಗೆ ಮರುಕಳಿಸಿದರೆ ತೊಂದರೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಬೇರೆ ತಯಾರಕರ ಅಗ್ಗದ ಮ್ಯಾಗಜಿನ್ ಒಂದರ ದೋಷ ನನಗೆ ತಿಳಿದದ್ದು ಹೀಗೆಯೇ; ಅದರ ಲಿಪ್ಸ್ ಒಂದಕ್ಕೊಂದು ಸಮವಾಗಿರಲಿಲ್ಲ. ಮೂಲ ಕಂಪನಿಯವು ದುಬಾರಿಯಾದರೂ ಇಂದಿಗೂ ವಿಶ್ವಾಸಾರ್ಹವಾಗಿವೆ.

ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ನಾಲ್ಕು ಸೆಕೆಂಡುಗಳಲ್ಲಿ ಐದು ಗುಂಡು ಹಾರಿಸಬೇಕಾದಾಗ ಇದೆಲ್ಲ ಅಂಕಗಳ ಪ್ರಶ್ನೆಯಾಗುತ್ತದೆ. ಮ್ಯಾಗಜಿನ್ ಸರಿಯಾಗಿ ಕೂರದೆ ಆದ ತೊಂದರೆಯನ್ನು ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮಗಳು ಶೂಟರ್‌ನ ಹೊಣೆಯೆಂದೇ ಪರಿಗಣಿಸುತ್ತವೆ, ಆ ಐದು ಗುಂಡುಗಳ ಸರಣಿಯನ್ನು ಮತ್ತೆ ಹಾರಿಸಲು ಅವಕಾಶ ಸಿಗುವುದಿಲ್ಲ. ಆದ್ದರಿಂದ ಹಾಕಿದ ಬಳಿಕ ಒಮ್ಮೆ ಕೆಳಕ್ಕೆ ಎಳೆದು ನೋಡುವುದು ಕಡ್ಡಾಯವಾಗಬೇಕು. ಹೊಸಬರಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕು: ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ, ಬೋಲ್ಟ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಾರೆ ನೋಡಬೇಕು.

1959ರ ಆಯುಧ ಕಾಯ್ದೆಯ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಬರುವುದರಿಂದ ನಮ್ಮಲ್ಲಿ ಬದಲಿ ಮ್ಯಾಗಜಿನ್ ತರಿಸುವುದು ಸಾಮಾನ್ಯ ಖರೀದಿಯಲ್ಲ. ಜಿಎಸ್‌ಪಿ ಕೊಳ್ಳುವವರು, ಹಳೆಯದನ್ನು ಕೊಳ್ಳುವವರಂತೂ, ಜೊತೆಗೆ ಬರುವ ಪ್ರತಿ ಮ್ಯಾಗಜಿನ್‌ನ ಲಿಪ್ಸ್ ಮತ್ತು ಸ್ಪ್ರಿಂಗನ್ನು ಪರೀಕ್ಷಿಸಿದ ನಂತರವೇ ಬೆಲೆಯ ಮಾತಾಡಬೇಕೆಂದು ಸಲಹೆ ನೀಡುತ್ತೇನೆ.